ಹಾಸನದಲ್ಲಿದ್ದುಕೊಂಡು ಸಲಿಂಗ ಪ್ರೇಮಿಗಳ ಚರಿತ್ರೆಯ ಮೊದಲ ಪುಸ್ತಕಗಳನ್ನು ಹುಡುಕುವ ಬಗೆ

2011ರ ಮಳೆಗಾಲದಲ್ಲಿ, ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ, ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, ಹೆಂಗಸರನ್ನೇ ಪ್ರೀತಿಸಿ ಬಾಳಿದ ಹೆಂಗಸರ ಬಗ್ಗೆ ಇತಿಹಾಸದ ಪುಸ್ತಕ ಯಾವುದಾದರೂ ಇದೆಯೇ ಮೇಡಂ ಎಂದು ಕೇಳಿದಳು. ನೋಡಿ ಹೇಳುತ್ತೇನಮ್ಮ ಎಂದು ನಾನು ಹೇಳಿದೆನಾದರೂ ನನಗೆ ಒಂದು ಹೆಸರೂ ಗೊತ್ತಿರಲಿಲ್ಲ. ಕಾಲೇಜಿನ ಗ್ರಂಥಾಲಯದ ಪಟ್ಟಿಯಲ್ಲಿ ಆ ವಿಷಯದ ಕೆಳಗೆ ಸಿಕ್ಕಿದ್ದು ಒಂದೇ ಪುಸ್ತಕ, ಅದೂ ಮನೋರೋಗಗಳ ಕಪಾಟಿನಲ್ಲಿದ್ದ ಹಳೆಯ ಪಠ್ಯ. ಸರಿಯಾದ ನಾಲ್ಕು ಪುಸ್ತಕಗಳನ್ನು ಕಂಡುಕೊಳ್ಳುವ ಹೊತ್ತಿಗೆ ಅವಳು ಪದವಿ ಮುಗಿಸಿ ಊರು ಬಿಟ್ಟಿದ್ದಳು. ಆಮೇಲಿನ ವರ್ಷಗಳಲ್ಲಿ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿಕೊಂಡು ಬಂದವರಿಗೆ ನಾನು ಹೇಳುತ್ತಾ ಬಂದ ದಾರಿಯನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು ತಿಳಿದಿರಬೇಕಾದದ್ದು ಏನೆಂದರೆ, ಈ ಚರಿತ್ರೆ ಗ್ರಂಥಾಲಯದಲ್ಲಿ ತನ್ನದೇ ಹೆಸರಿನಲ್ಲಿ ಇರುವುದು ಬಹಳ ಅಪರೂಪ. ಅದು ಕಾನೂನಿನ ಕಪಾಟಿನಲ್ಲಿ, ಆತ್ಮಕಥೆಗಳ ನಡುವೆ, ಮಹಿಳಾ ಅಧ್ಯಯನದಲ್ಲಿ, ಕಥಾಸಂಕಲನಗಳಲ್ಲಿ, ಕೆಲವೊಮ್ಮೆ ವೈದ್ಯಶಾಸ್ತ್ರದಲ್ಲಿ ಹಂಚಿಹೋಗಿರುತ್ತದೆ. ಆದ್ದರಿಂದ ಒಂದೇ ಪದವನ್ನು ಹಿಡಿದು ಹುಡುಕಿ, ಸಿಗಲಿಲ್ಲವೆಂದು ಹಿಂದಿರುಗುವವರೇ ಹೆಚ್ಚು. ಇದು ನಮ್ಮ ಜಿಲ್ಲೆಯ ಗ್ರಂಥಾಲಯಗಳಿಗೆ ಮಾತ್ರ ಸೇರಿದ ಕೊರತೆಯಲ್ಲ. ಅಮೆರಿಕದ ಬಾರ್ಬರಾ ಗಿಟ್ಟಿಂಗ್ಸ್ ಎಂಬಾಕೆ 1949ರಲ್ಲಿ ಕಾಲೇಜು ಸೇರಿದಾಗ ತನ್ನಂಥವರ ಬಗ್ಗೆ ತಿಳಿಯಲು ಗ್ರಂಥಾಲಯಗಳನ್ನು ಜಾಲಾಡಿದರೂ ಅವರಿಗೆ ಸಿಕ್ಕಿದ್ದು ಬಹುಪಾಲು ರೋಗ, ವಿಕೃತಿ ಎಂದು ಬರೆದ ವೈದ್ಯಕೀಯ ಪುಸ್ತಕಗಳೇ. ಮುಂದೆ ಅವರು ಅಲ್ಲಿನ ಗ್ರಂಥಾಲಯ ಸಂಘದೊಳಗೆ 1970ರಲ್ಲಿ ಹುಟ್ಟಿದ ಸಲಿಂಗಿಗಳ ಕಾರ್ಯಪಡೆಯ ಮುಂದಾಳಾಗಿ, ಓದಬಹುದಾದ ಪುಸ್ತಕಗಳ ಪಟ್ಟಿಗಳನ್ನು ವರ್ಷಗಟ್ಟಲೆ ಸಿದ್ಧಪಡಿಸಿದರು. ಅವರಿಗೂ ಮೊದಲು ಜೆನೆಟ್ ಹವರ್ಡ್ ಫಾಸ್ಟರ್ ಎಂಬ ಗ್ರಂಥಪಾಲಕಿ, ಸಾಹಿತ್ಯದಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸಿದ ಪ್ರಸಂಗಗಳನ್ನೆಲ್ಲ ದಶಕಗಳ ಕಾಲ ಕಲೆಹಾಕಿ, 1956ರಲ್ಲಿ ತಮ್ಮದೇ ಹಣ ಕೊಟ್ಟು ಪುಸ್ತಕ ಮಾಡಿಸಿದ್ದರು. ಪುಸ್ತಕ ಹುಡುಕುವ ಕೆಲಸವೇ ಈ ಚರಿತ್ರೆಯ ಒಂದು ಅಧ್ಯಾಯ ಎಂಬುದು ಗೊತ್ತಿದ್ದರೆ ಹುಡುಕುವವರಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಈಗ ಪದಗಳ ವಿಷಯ. ಕನ್ನಡದ ಪತ್ರಿಕೆಗಳು ಮತ್ತು ಪುಸ್ತಕಗಳು ಬಹುಕಾಲ ಬಳಸಿದ ಮಾತು ಸಲಿಂಗಕಾಮ. ಆ ಪದ ಸಂಬಂಧವನ್ನೆಲ್ಲ ಕಾಮಕ್ಕೆ ಇಳಿಸುತ್ತದೆ ಎಂಬ ಕಾರಣದಿಂದ ಈಚಿನವರು ಸಲಿಂಗ ಪ್ರೇಮ, ಸಲಿಂಗ ಪ್ರೇಮಿ, ಸಲಿಂಗಿ ಎಂದು ಬರೆಯುತ್ತಾರೆ, ಇಲ್ಲವೇ ಗೇ, ಲೆಸ್ಬಿಯನ್, ಕ್ವಿಯರ್ ಎಂಬ ಪದಗಳನ್ನೇ ಇಟ್ಟುಕೊಳ್ಳುತ್ತಾರೆ. ಹೋರಾಟದ ಬರಹಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಎಂಬ ಮಾತು ರೂಢಿಯಲ್ಲಿದೆ. ಲಿಂಗತ್ವ ಅಲ್ಪಸಂಖ್ಯಾತರು ಎಂಬುದು ಸಾಮಾನ್ಯವಾಗಿ ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಸೂಚಿಸುತ್ತದೆ. ನೀವು ಯಾವ ಪದವನ್ನು ಒಪ್ಪುತ್ತೀರಿ ಎಂಬುದು ಬೇರೆ ಮಾತು. ಹುಡುಕುವಾಗ ಮಾತ್ರ ಎಲ್ಲವನ್ನೂ, ಒಪ್ಪದ ಪದವನ್ನೂ ಸೇರಿಸಿ, ಒಂದೊಂದಾಗಿ ಪ್ರಯತ್ನಿಸಬೇಕು, ಏಕೆಂದರೆ ಪಟ್ಟಿ ಮಾಡಿದವರು ತಮ್ಮ ಕಾಲದ ಪದವನ್ನೇ ಬರೆದಿರುತ್ತಾರೆ. ಇಂಗ್ಲಿಷಿನ ಹೋಮೋಸೆಕ್ಷುವಲ್ ಎಂಬ ಪದ ಕೂಡ ಹಳೆಯದೇನಲ್ಲ. ಅದರ ಮೂಲರೂಪವನ್ನು ಕಾರ್ಲ್ ಮಾರಿಯಾ ಕೆರ್ಟ್‌ಬೆನಿ ಎಂಬ ಬರಹಗಾರ 1869ರಲ್ಲಿ ಜರ್ಮನ್ ಕರಪತ್ರದಲ್ಲಿ ಮೊದಲ ಬಾರಿ ಅಚ್ಚು ಮಾಡಿಸಿದ. ಅದಕ್ಕಿಂತ ಹಿಂದಿನ ಕಾಲದ ಪುಸ್ತಕಗಳಲ್ಲಿ ಆ ಪದ ಸಿಗದಿರುವುದು ಸಹಜ. ಅಲ್ಲಿ ಗೆಳೆತನ, ಸಖ್ಯ, ಮರುಜನ್ಮ, ಭಕ್ತಿ, ರೂಪಾಂತರ ಎಂಬ ಹೆಸರುಗಳಲ್ಲಿ ಹುಡುಕಬೇಕಾಗುತ್ತದೆ.

ಗ್ರಂಥಾಲಯದೊಳಗೆ ಹೋದ ಮೇಲೆ ಸಂಖ್ಯೆಗಳು ಸಹಾಯಕ್ಕೆ ಬರುತ್ತವೆ. ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಪುಸ್ತಕಗಳನ್ನು ಜೋಡಿಸಿರುವ ಕಡೆ ಸಲಿಂಗ ಪ್ರೇಮದ ಸಾಮಾಜಿಕ ಅಧ್ಯಯನಗಳಿಗೆ 306.766 ಎಂಬ ಸಂಖ್ಯೆಯಿದೆ, ಟ್ರಾನ್ಸ್‌ಜೆಂಡರ್ ವಿಷಯ 306.768ರಲ್ಲಿ ಬರುತ್ತದೆ. ನಮ್ಮ ಸಣ್ಣ ಗ್ರಂಥಾಲಯಗಳಲ್ಲಿ ದಶಾಂಶದ ಮುಂದಿನ ಅಂಕಿಗಳನ್ನು ಬರೆಯದೆ ಬರೀ 306 ಎಂದು ಅಂಟಿಸಿರುವುದುಂಟು, ಹಾಗಾಗಿ ಆ ಸಾಲನ್ನು ಪೂರ್ತಿ ಕಣ್ಣಾಡಿಸುವುದೇ ಉತ್ತಮ. ಅಲ್ಲಿಂದ 305.4ರ ಮಹಿಳಾ ಅಧ್ಯಯನಕ್ಕೆ, 340ರಿಂದ ಶುರುವಾಗುವ ಕಾನೂನಿಗೆ, 920ರ ಜೀವನಚರಿತ್ರೆಗಳಿಗೆ, 894.814ರ ಕನ್ನಡ ಸಾಹಿತ್ಯಕ್ಕೆ ಹೋಗಿ. 616.85ರ ಸುತ್ತಮುತ್ತ, ಅಂದರೆ ಮನೋರೋಗಗಳ ನಡುವೆ, ಏನಾದರೂ ಸಿಕ್ಕಿದರೆ ಅದನ್ನು ತೆಗೆದು ಮೊದಲು ಪ್ರಕಟಣೆಯ ವರ್ಷವನ್ನು ನೋಡಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನು ತನ್ನ ರೋಗಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 1990ರಲ್ಲಿ. ಅದಕ್ಕೆ ಮೊದಲು ಅಚ್ಚಾದ ಪಠ್ಯವನ್ನು, ಒಂದು ಕಾಲದ ವೈದ್ಯರು ಹೇಗೆ ಯೋಚಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಓದಬಹುದು. ತನ್ನನ್ನು ತಾನು ಅರಿಯಲು ಬಂದ ಓದುಗರ ಕೈಗೆ ಅದನ್ನು ಮೊದಲ ಪುಸ್ತಕವಾಗಿ ಕೊಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನನ್ನ ವಿದ್ಯಾರ್ಥಿನಿಗೆ ಅಂದು ನಾನು ಆ ಹಳೆಯ ಪಠ್ಯವನ್ನು ಕೊಡದೆ ಇದ್ದುದೊಂದೇ ನನಗಿರುವ ಸಮಾಧಾನ.

ಇಂಗ್ಲಿಷ್ ಓದಲು ಕಷ್ಟಪಡುವವರು ಕನ್ನಡದಲ್ಲೇ ಆರಂಭಿಸಬಹುದು, ಆದರೆ ಒಂದು ಸಂಗತಿಯನ್ನು ತಿಳಿದುಕೊಂಡು ಆರಂಭಿಸಬೇಕು. ಕನ್ನಡದಲ್ಲಿ ಸುಲಭವಾಗಿ ಕೈಗೆ ಸಿಗುವುದು ಕ್ರಮಬದ್ಧ ಚರಿತ್ರೆಗಿಂತ ಹೆಚ್ಚಾಗಿ ಕಥೆ ಮತ್ತು ಆತ್ಮಕಥೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದು ಕಥಾಸಂಕಲನವೇ ಹೊರತು ಚರಿತ್ರೆಯಲ್ಲ. ಆದರೂ ಗಂಡನ್ನು ಪ್ರೀತಿಸುವ ಗಂಡೊಬ್ಬನ ಒಳಬದುಕನ್ನು ಕನ್ನಡದ ಓದುಗರು ನಮ್ಮ ಊರುಗಳ, ನಮ್ಮ ಮನೆಗಳ ಮಾತಿನಲ್ಲಿ ಓದುವಂತಾದದ್ದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಗುರುತಿಸಬೇಕಾದ ಸಂಗತಿ, ಮತ್ತು ಅದನ್ನು ಓದಿದ ಮೇಲೆ ಚರಿತ್ರೆಯ ಪುಸ್ತಕಗಳ ವರ್ಷಗಳು ಮತ್ತು ತೀರ್ಪುಗಳು ಯಾರ ಬದುಕಿನ ಕುರಿತಾಗಿವೆ ಎಂಬುದು ಸ್ಪಷ್ಟವಾಗುತ್ತದೆ. ಎ. ರೇವತಿ ಅವರು ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ದು. ಸರಸ್ವತಿ ಅವರು ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ, ಅದು ರಂಗಕ್ಕೂ ಬಂದಿದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿದೆ. ಜೇಡರ ದಾಸಿಮಯ್ಯನ ವಚನದಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಆತ್ಮವೊಂದು ನಡುವೆ ಸುಳಿಯುವುದನ್ನು ಬಲ್ಲವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ರೇವತಿ ಮತ್ತು ಮಂಜಮ್ಮ ಇಬ್ಬರದೂ ಟ್ರಾನ್ಸ್ ಮಹಿಳೆಯರ ಬದುಕು. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವರ, ಹೆಣ್ಣಾಗಿಯೇ ಇದ್ದು ಹೆಣ್ಣನ್ನು ಪ್ರೀತಿಸುವವರ ಬದುಕು ಅದಕ್ಕೆ ಹತ್ತಿರವಾದದ್ದು, ಆದರೆ ಅದೇ ಅಲ್ಲ. ನಮ್ಮ ಗ್ರಂಥಾಲಯಗಳು ಮತ್ತು ಪತ್ರಿಕೆಗಳು ಎರಡನ್ನೂ ಒಂದೇ ಕಟ್ಟಿನಲ್ಲಿ ಇಡುತ್ತವೆ. ಒಂದೇ ಪೊಲೀಸ್ ಠಾಣೆಯಲ್ಲಿ, ಒಂದೇ ಕಾನೂನಿನ ಕೆಳಗೆ ಇಬ್ಬರೂ ನೊಂದಿರುವುದರಿಂದ ಹಾಗೆ ಇಡುವುದಕ್ಕೆ ಕಾರಣವೂ ಇದೆ. ಓದುವವರು ಮಾತ್ರ ತಾವು ಯಾರ ಚರಿತ್ರೆಯನ್ನು ಓದುತ್ತಿದ್ದೇವೆ ಎಂಬುದನ್ನು ಪ್ರತಿ ಪುಸ್ತಕದಲ್ಲೂ ಕೇಳಿಕೊಳ್ಳಬೇಕು.

ಭಾರತದ ಚರಿತ್ರೆಗೆ ಬುನಾದಿಯಾಗಿ ನಾನು ಎಲ್ಲರಿಗೂ ಹೇಳುವ ಪುಸ್ತಕ ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ ಸಂಪಾದಿಸಿದ ‘ಸೇಮ್ ಸೆಕ್ಸ್ ಲವ್ ಇನ್ ಇಂಡಿಯಾ’. ಮೊದಲು 2000ದಲ್ಲಿ ಪ್ರಕಟವಾದ ಇದನ್ನು 2008ರಲ್ಲಿ ಪೆಂಗ್ವಿನ್ ಮರುಮುದ್ರಿಸಿತು. ಸಂಸ್ಕೃತದ ಪ್ರಾಚೀನ ಪಠ್ಯಗಳಿಂದ ಹಿಡಿದು ಪರ್ಶಿಯನ್ ಮತ್ತು ಉರ್ದು ಕಾವ್ಯದ ಮೂಲಕ ಇಪ್ಪತ್ತನೆಯ ಶತಮಾನದ ಕಥೆಗಳವರೆಗೆ, ಹತ್ತಕ್ಕೂ ಹೆಚ್ಚು ಭಾಷೆಗಳ ಬರಹಗಳಿಂದ ಆಯ್ದ ಭಾಗಗಳು ಇದರಲ್ಲಿವೆ. ಒಂದೊಂದು ಭಾಗದ ಮುಂದೆಯೂ ಅದರ ಹಿನ್ನೆಲೆಯನ್ನು ಹೇಳುವ ಟಿಪ್ಪಣಿಯಿದೆ. ಬಂಗಾಳಿಯ ಕೃತ್ತಿವಾಸ ರಾಮಾಯಣದಲ್ಲಿ ಇಬ್ಬರು ವಿಧವೆಯರ ಕೂಟದಿಂದ ಭಗೀರಥ ಹುಟ್ಟಿದ ಪ್ರಸಂಗವನ್ನು ನಾನು ಮೊದಲು ಓದಿದ್ದು ಇಲ್ಲಿಯೇ. ಇದು ದಪ್ಪ ಪುಸ್ತಕ, ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವಂಥದ್ದಲ್ಲ. ಮೂರು ಕಾಲಘಟ್ಟಗಳಿಗೆ ಸಂಪಾದಕರು ಬರೆದ ಪ್ರಸ್ತಾವನೆಗಳನ್ನು ಮೊದಲು ಓದಿ, ಆಮೇಲೆ ನಿಮಗೆ ಪರಿಚಿತವಾದ ಯಾವುದಾದರೂ ಒಂದು ಪಠ್ಯಕ್ಕೆ ಹೋಗಿ. ಈ ಪುಸ್ತಕವನ್ನು ಮೊದಲಿಗೆ ಹೇಳುವುದಕ್ಕೆ ಕಾರಣವೇನೆಂದರೆ, ಸಲಿಂಗ ಪ್ರೇಮ ಪರದೇಶದಿಂದ ಬಂದದ್ದು ಎಂಬ ಮಾತನ್ನು ಕೇಳಿ ಕೇಳಿ ಬೆಳೆದವರ ಮುಂದೆ ಇದು ವಾದ ಹೂಡುವುದಿಲ್ಲ, ಮೂಲ ಪಠ್ಯವನ್ನೇ ತೆರೆದಿಡುತ್ತದೆ.

ನಮ್ಮ ಜಿಲ್ಲೆಗಳವರಿಗೆ ಇಲ್ಲೇ ಒಂದು ವಿಶೇಷ ಪ್ರಲೋಭನೆಯಿದೆ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕಂಡು, ಅರ್ಧನಾರೀಶ್ವರನನ್ನು, ಚೆನ್ನಕೇಶವನ ಗುಡಿಯ ಮೋಹಿನಿಯನ್ನು ತೋರಿಸಿ, ಹೊಯ್ಸಳರ ಕಾಲದಲ್ಲಿ ಎಲ್ಲಕ್ಕೂ ಒಪ್ಪಿಗೆ ಇತ್ತು ಎಂದು ಬರೆಯುವ ಲೇಖನಗಳು ಬಹಳ. ವಿಷ್ಣು ಹೆಣ್ಣಾದ ಕಥೆಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ ಎಂಬುದರಿಂದ ಆ ಕಾಲದ ಬೇಲೂರಿನಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಹೇಗೆ ಬಾಳಿದರು ಎಂಬುದು ತಿಳಿಯುವುದಿಲ್ಲ. ಪುರಾಣ, ಶಿಲ್ಪ ಮತ್ತು ಕಾವ್ಯ ಇವು ಜನ ಏನನ್ನು ಕಲ್ಪಿಸಿಕೊಳ್ಳಬಲ್ಲವರಾಗಿದ್ದರು ಎಂಬುದನ್ನು ಹೇಳುತ್ತವೆ. ಬದುಕಿದ ಬಗೆಯನ್ನು ತಿಳಿಯಲು ಪತ್ರ, ದಿನಚರಿ, ನ್ಯಾಯಾಲಯದ ದಾಖಲೆ, ಪೊಲೀಸ್ ವರದಿ, ಸಂದರ್ಶನ ಬೇಕು. ಒಳ್ಳೆಯ ಆರಂಭಿಕ ಪುಸ್ತಕ ಯಾವುದೆಂದು ಗುರುತಿಸಲು ನಾನು ಬಳಸುವ ಮುಖ್ಯ ಅಳತೆಗೋಲೂ ಇದೇ: ಲೇಖಕರು ತಮ್ಮ ಮಾತಿಗೆ ಆಧಾರ ಯಾವುದೆಂದು ಪುಟದ ಕೆಳಗೋ ಪುಸ್ತಕದ ಕೊನೆಯಲ್ಲೋ ತೋರಿಸುತ್ತಾರೆಯೇ, ಮತ್ತು ಕಥೆಯಿಂದ ಬಂದ ಸಾಕ್ಷ್ಯವನ್ನು ಬದುಕಿನಿಂದ ಬಂದ ಸಾಕ್ಷ್ಯದಿಂದ ಬೇರ್ಪಡಿಸುತ್ತಾರೆಯೇ ಎಂದು ನೋಡಿ.

ಈಚಿನ ಚರಿತ್ರೆಗೆ, ಅಂದರೆ ಸಂಘಟಿತ ಹೋರಾಟದ ಚರಿತ್ರೆಗೆ, ಆರಂಭದ ಓದಾಗಿ ‘ಲೆಸ್ ದ್ಯಾನ್ ಗೇ’ ಎಂಬ ವರದಿಯನ್ನು ಹುಡುಕಿ. ಏಡ್ಸ್ ಭೇದಭಾವ್ ವಿರೋಧಿ ಆಂದೋಲನ ಎಂಬ ದೆಹಲಿಯ ಗುಂಪು 1991ರಲ್ಲಿ ಹೊರತಂದ ಈ ನಾಗರಿಕ ವರದಿ ಸಣ್ಣದು, ಇಂಗ್ಲಿಷ್ ಸರಳವಾಗಿದೆ, ಅದರ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದೇ ಗುಂಪು 1994ರಲ್ಲಿ ‘ಪ್ರಕೃತಿಗೆ ವಿರುದ್ಧ’ವಾದ ಸಂಭೋಗವನ್ನು ಅಪರಾಧವೆಂದ, ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅದರ ಪಕ್ಕದಲ್ಲಿ ಓದಬೇಕಾದದ್ದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಶಾಖೆಯ ಎರಡು ವರದಿಗಳು. ಮೊದಲನೆಯದು 2001ರಲ್ಲಿ ಬಂತು, ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಉಲ್ಲಂಘನೆಯನ್ನು ಕುರಿತದ್ದು. ಎರಡನೆಯದು 2003ರದು, ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಕುರಿತದ್ದು. ಬೆಂಗಳೂರಿನ ಬೀದಿ, ಉದ್ಯಾನ, ಠಾಣೆಗಳಲ್ಲಿ ನಡೆದದ್ದನ್ನು ಅವು ದಾಖಲಿಸುತ್ತವೆ, ಹಾಗಾಗಿ ನಮ್ಮ ರಾಜ್ಯದ ಓದುಗರಿಗೆ ಈ ಚರಿತ್ರೆ ಬಹಳ ಹತ್ತಿರವಾಗುತ್ತದೆ. ಇವುಗಳ ಜೊತೆ ಅರವಿಂದ ನಾರಾಯಣ್ ಮತ್ತು ಗೌತಮ್ ಭಾನ್ ಸಂಪಾದಿಸಿದ, 2005ರ ‘ಬಿಕಾಸ್ ಐ ಹ್ಯಾವ್ ಎ ವಾಯ್ಸ್’ ಎಂಬ ಸಂಕಲನವನ್ನು ಸೇರಿಸಿಕೊಂಡರೆ, ಹೋರಾಟಗಾರರು ತಮ್ಮ ಕಾಲವನ್ನು ತಾವೇ ಹೇಗೆ ವಿವರಿಸಿಕೊಂಡರು ಎಂಬುದು ತಿಳಿಯುತ್ತದೆ.

ಇದೇ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗಣಿತ ಪ್ರತಿಭೆ ಶಕುಂತಲಾ ದೇವಿಯವರ ಹೆಸರನ್ನು ನೆನೆಯಬೇಕು. ಲೆಕ್ಕದ ಚಮತ್ಕಾರಗಳಿಗೆ ಲೋಕಪ್ರಸಿದ್ಧರಾಗಿದ್ದ ಅವರು 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಸಲಿಂಗ ಪ್ರೇಮಿಗಳನ್ನು ಸಹಿಸಿಕೊಂಡರೆ ಸಾಲದು, ಪೂರ್ಣವಾಗಿ ಒಪ್ಪಿಕೊಳ್ಳಬೇಕು ಎಂಬ ನಿಲುವನ್ನು ತೆಗೆದುಕೊಂಡರು. ಇಂದಿನ ಅರಿವಿನ ಮುಂದೆ ಅದರ ಹಲವು ಮಾತುಗಳು ಹಳೆಯದಾಗಿ ಕಾಣುತ್ತವೆ, ಪುಸ್ತಕವೂ ಅಂಗಡಿಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಮೊದಲ ಓದಿಗೆ ಅದು ಬೇಕಾಗಿಲ್ಲ. ಆದರೆ ಯಾವುದಾದರೂ ಹಳೆಯ ಗ್ರಂಥಾಲಯದ ಮೂಲೆಯಲ್ಲಿ ಕಂಡರೆ ಕೈಗೆತ್ತಿಕೊಳ್ಳದೆ ಮುಂದೆ ಹೋಗಬೇಡಿ.

ಹೆಂಗಸರ ಚರಿತ್ರೆಯನ್ನು ಪ್ರತ್ಯೇಕವಾಗಿ ಹುಡುಕಬೇಕು, ಮತ್ತು ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ‘ಗೇ ಚರಿತ್ರೆ’ ಎಂಬ ಹೆಸರಿನ ಅನೇಕ ಪುಸ್ತಕಗಳಲ್ಲಿ ಮುನ್ನೂರು ಪುಟ ಗಂಡಸರಿಗೆ ಮೀಸಲಾಗಿ, ಹೆಂಗಸರಿಗೆ ಕೊನೆಯಲ್ಲಿ ಒಂದು ಅಧ್ಯಾಯ ಸಿಕ್ಕಿರುತ್ತದೆ. ಕಾರಣ ದಾಖಲೆಗಳಲ್ಲೇ ಇದೆ. ಗಂಡಸರು ಸಿಕ್ಕಿಬಿದ್ದದ್ದು ಸಾರ್ವಜನಿಕ ಸ್ಥಳಗಳಲ್ಲಿ, ಆದ್ದರಿಂದ ಪೊಲೀಸರ ಮತ್ತು ನ್ಯಾಯಾಲಯದ ಕಾಗದಗಳಲ್ಲಿ ಅವರು ಉಳಿದರು. ಹೆಂಗಸರನ್ನು ತಡೆದದ್ದು ಮನೆ, ಮದುವೆ, ಅಡುಗೆಮನೆಯ ಬಾಗಿಲು. ಅಲ್ಲಿ ನಡೆದದ್ದಕ್ಕೆ ಕಡತವಿಲ್ಲ. 1987ರ ಕೊನೆಯಲ್ಲಿ ಮಧ್ಯಪ್ರದೇಶದ ಇಬ್ಬರು ಮಹಿಳಾ ಪೊಲೀಸರು ಪರಸ್ಪರ ಮದುವೆಯಾಗಿ ಕೆಲಸ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅದೊಂದು ವಿಚಿತ್ರ ಎಂಬಂತೆ ಓದಿದವರೇ ಹೆಚ್ಚು. 1998ರಲ್ಲಿ ಇಬ್ಬರು ಹೆಂಗಸರ ಪ್ರೀತಿಯ ಕಥೆಯಾದ ‘ಫೈರ್’ ಚಲನಚಿತ್ರ ಪ್ರದರ್ಶಿಸುತ್ತಿದ್ದ ಚಿತ್ರಮಂದಿರಗಳ ಮೇಲೆ ದಾಳಿ ನಡೆದ ಮೇಲೆ, ಭಾರತದ ಲೆಸ್ಬಿಯನ್ ಮಹಿಳೆಯರು ಆ ಹೆಸರು ಹಿಡಿದುಕೊಂಡೇ ದೆಹಲಿಯ ಬೀದಿಯಲ್ಲಿ ನಿಂತರು. ಅದರ ಬೆನ್ನಲ್ಲೇ, 1999ರಲ್ಲಿ, ಅಶ್ವಿನಿ ಸುಕ್ತಂಕರ್ ಸಂಪಾದಿಸಿದ ‘ಫೇಸಿಂಗ್ ದ ಮಿರರ್’ ಬಂತು. ಅದರಲ್ಲಿ ಬರೆದ ಹಲವರು ತಮ್ಮ ನಿಜವಾದ ಹೆಸರನ್ನು ಹಾಕಿಲ್ಲ ಎಂಬುದನ್ನೇ ಒಂದು ಐತಿಹಾಸಿಕ ಸಾಕ್ಷ್ಯವಾಗಿ ಓದಿಕೊಳ್ಳಬೇಕು. ಮಾಯಾ ಶರ್ಮಾ ಅವರ ‘ಲವಿಂಗ್ ವಿಮೆನ್’ 2006ರದು. ಉತ್ತರ ಭಾರತದ ದುಡಿಯುವ ವರ್ಗದ ಹೆಂಗಸರ ಬದುಕನ್ನು ಅವರವರ ಮನೆಗೆ ಹೋಗಿ, ಮಾತಾಡಿಸಿ ಬರೆದದ್ದು. ಇಂಥ ಪ್ರೀತಿ ನಗರದ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಸೇರಿದ್ದು ಎಂದು ತಿಳಿದ ಯಾರಿಗಾದರೂ ನಾನು ಕೊಡುವ ಪುಸ್ತಕ ಅದೇ. ಆ ವಿದ್ಯಾರ್ಥಿನಿಗೆ ಕೊಡಬೇಕೆಂದು ನಾನು ಕೊಂಡುಕೊಂಡದ್ದೂ ಅದೇ.

ಲೋಕದ ಚರಿತ್ರೆಗೆ ಬಂದರೆ ಆಯ್ಕೆ ಬಹಳ ದೊಡ್ಡದು, ಆದ್ದರಿಂದಲೇ ದಾರಿ ತಪ್ಪುವುದು ಸುಲಭ. ಆರಂಭಿಕರಿಗೆ ನೀಲ್ ಮಿಲ್ಲರ್ ಅವರ ‘ಔಟ್ ಆಫ್ ದ ಪಾಸ್ಟ್’ ಒಪ್ಪುತ್ತದೆ. 1869ರಿಂದ ಮುಂದಿನ ಕಥೆಯನ್ನು ಅದು ಪತ್ರಿಕಾ ಬರಹದ ಸರಳತೆಯಲ್ಲಿ ಹೇಳುತ್ತದೆ, ಗಂಡಸರು ಹೆಂಗಸರು ಇಬ್ಬರೂ ಅದರಲ್ಲಿದ್ದಾರೆ. ಚಿತ್ರಗಳೊಂದಿಗೆ ನೋಡಬೇಕೆನ್ನುವವರಿಗೆ ರಾಬರ್ಟ್ ಆಲ್ಡ್ರಿಚ್ ಸಂಪಾದಿಸಿದ 2006ರ ‘ಗೇ ಲೈಫ್ ಅಂಡ್ ಕಲ್ಚರ್’ ಇದೆ, ಆದರೆ ಅದರ ಬೆಲೆ ಹೆಚ್ಚು, ಗ್ರಂಥಾಲಯದಿಂದ ತರಿಸಿಕೊಳ್ಳುವುದು ವಾಸಿ. ಅಮೆರಿಕದ ಹೆಂಗಸರ ಬಗ್ಗೆ ಲಿಲಿಯನ್ ಫೇಡರ್‌ಮನ್ 1991ರಲ್ಲಿ ಬರೆದ ‘ಆಡ್ ಗರ್ಲ್ಸ್ ಅಂಡ್ ಟ್ವೈಲೈಟ್ ಲವರ್ಸ್’ ಇಂದಿಗೂ ಓದಿಸಿಕೊಂಡು ಹೋಗುತ್ತದೆ. ಈ ಯಾವ ಪುಸ್ತಕವನ್ನು ಕೊಳ್ಳುವ ಮುನ್ನವೂ ಕೊನೆಯ ವಿಷಯಸೂಚಿಯನ್ನು ತೆರೆದು ಮೂರು ಹೆಸರುಗಳನ್ನು ಹುಡುಕಿ. ಒಂದು, ಮ್ಯಾಗ್ನಸ್ ಹಿರ್ಷ್‌ಫೆಲ್ಡ್. ಜರ್ಮನ್ ವೈದ್ಯನಾದ ಆತ ಲೈಂಗಿಕತೆಯ ಅಧ್ಯಯನಕ್ಕಾಗಿ 1919ರಲ್ಲಿ ಬರ್ಲಿನ್‌ನಲ್ಲಿ ಕಟ್ಟಿದ ಸಂಸ್ಥೆಯ ಗ್ರಂಥಾಲಯವನ್ನು ನಾಜಿಗಳು 1933ರ ಮೇ ತಿಂಗಳಲ್ಲಿ ಬೀದಿಯಲ್ಲಿ ಸುಟ್ಟರು. ಎರಡು, ಸ್ಟೋನ್‌ವಾಲ್, ಅಂದರೆ 1969ರ ಜೂನ್ ಕೊನೆಯಲ್ಲಿ ನ್ಯೂಯಾರ್ಕಿನ ಬಾರೊಂದರಲ್ಲಿ ಪೊಲೀಸ್ ದಾಳಿಯ ವಿರುದ್ಧ ಎದ್ದ ಪ್ರತಿರೋಧ. ಮೂರು, ಭಾರತ. ಮೊದಲ ಎರಡು ಇದ್ದು ಮೂರನೆಯದು ಇಲ್ಲದಿದ್ದರೆ ಆ ಪುಸ್ತಕ ಲೋಕದ ಚರಿತ್ರೆ ಎಂದು ಹೇಳಿಕೊಂಡರೂ ಯುರೋಪು ಮತ್ತು ಅಮೆರಿಕದ ಚರಿತ್ರೆಯಾಗಿರುತ್ತದೆ. ಹಾಗೆಂದು ಅದನ್ನು ಬಿಡಬೇಕಾಗಿಲ್ಲ, ಅದು ಏನನ್ನು ಒಳಗೊಂಡಿದೆ ಎಂದು ತಿಳಿದು ಓದಿದರೆ ಸಾಕು. ಫ್ರೆಂಚ್ ಚಿಂತಕ ಮಿಷೆಲ್ ಫುಕೋ ಬರೆದ ಲೈಂಗಿಕತೆಯ ಚರಿತ್ರೆಯನ್ನು ಅಧ್ಯಾಪಕರು ಮೊದಲಿಗೇ ಸೂಚಿಸುವುದನ್ನು ನಾನು ಬಹಳ ನೋಡಿದ್ದೇನೆ. ಅದು ಮಹತ್ವದ ಪುಸ್ತಕ, ಆದರೆ ಘಟನೆಗಳನ್ನು ತಿಳಿಯದವರು ಅದನ್ನು ಮೊದಲು ಓದಿದರೆ ಕಾಡು ನೋಡದೆ ನಕಾಶೆಯ ಬಗ್ಗೆ ವಾದ ಮಾಡಿದಂತಾಗುತ್ತದೆ. ಐದಾರು ಪುಸ್ತಕಗಳ ನಂತರ ಅದಕ್ಕೆ ಬನ್ನಿ.

ಭಾರತದ ಪುಸ್ತಕ ಯಾವುದೇ ಆಗಲಿ, ಅದರ ಮುದ್ರಣದ ವರ್ಷವನ್ನು ಕಾನೂನಿನ ವರ್ಷಗಳ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. 1860ರಲ್ಲಿ ರೂಪುಗೊಂಡು 1862ರಿಂದ ಜಾರಿಗೆ ಬಂದ ದಂಡ ಸಂಹಿತೆಯ 377ನೆಯ ಕಲಮನ್ನು ದೆಹಲಿ ಹೈಕೋರ್ಟು 2009ರ ಜುಲೈ 2ರಂದು, ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯವಾಗದಂತೆ ಮಿತಿಗೊಳಿಸಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಮತ್ತೆ ಮಿತಿಗೊಳಿಸಿತು. ಮದುವೆಯ ಹಕ್ಕಿನ ಪ್ರಶ್ನೆಯಲ್ಲಿ 2023ರ ಅಕ್ಟೋಬರ್ 17ರ ತೀರ್ಪು ಅರ್ಜಿದಾರರ ಪರವಾಗಿ ಬರಲಿಲ್ಲ. 2011ರಲ್ಲಿ ಅಚ್ಚಾದ ಪುಸ್ತಕದ ಕೊನೆಯ ಅಧ್ಯಾಯದಲ್ಲಿರುವ ಸಂಭ್ರಮ, 2014ರ ಪುಸ್ತಕದಲ್ಲಿರುವ ದುಃಖ ಎರಡೂ ಆಯಾ ಕಾಲಕ್ಕೆ ನಿಜವಾದವು. ವರ್ಷ ನೋಡದೆ ಓದುವವರು ಅವನ್ನು ಇಂದಿನ ಸ್ಥಿತಿ ಎಂದು ತಿಳಿದು ಹೆದರುತ್ತಾರೆ ಅಥವಾ ಮೈಮರೆಯುತ್ತಾರೆ. 2018ರ ತೀರ್ಪಿನ ಪೂರ್ಣ ಪಾಠ 495 ಪುಟಗಳಷ್ಟಿದ್ದು ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನ್ಯಾಯಮೂರ್ತಿಗಳು ಚರಿತ್ರೆಯ ಬಗ್ಗೆ ಬರೆದ ಭಾಗಗಳನ್ನು ಮಾತ್ರ ಓದಿದರೂ ಅದೊಂದು ಒಳ್ಳೆಯ ಆರಂಭಿಕ ಪಾಠವಾಗುತ್ತದೆ. ಈ ಸಮುದಾಯಕ್ಕೆ ಮತ್ತು ಅವರ ಕುಟುಂಬಗಳಿಗೆ ಚರಿತ್ರೆ ಕ್ಷಮೆ ಕೇಳಬೇಕಿದೆ ಎಂಬ ಅರ್ಥದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರ ಮಾತು ಇರುವುದು ಅಲ್ಲಿಯೇ.

ಇನ್ನು ಪುಸ್ತಕಗಳನ್ನು ಕೈಗೆ ತರಿಸಿಕೊಳ್ಳುವ ಬಗೆ. ಹಾಸನ ಮತ್ತು ಚಿಕ್ಕಮಗಳೂರು ಎರಡರಲ್ಲೂ ಜಿಲ್ಲಾ ಕೇಂದ್ರ ಗ್ರಂಥಾಲಯಗಳಿವೆ. ಎರವಲು ಪಡೆಯಲು ಸದಸ್ಯತ್ವ ಬೇಕು, ಅಲ್ಲೇ ಕುಳಿತು ಓದಲು ಬೇಕಾಗಿಲ್ಲ. ಕನ್ನಡದ ಆತ್ಮಕಥೆ, ಕಥಾಸಂಕಲನಗಳನ್ನು ಅಲ್ಲಿ ಮೊದಲು ಕೇಳಿ. ಕೇಳುವಾಗ ವಿಷಯವನ್ನು ಹೇಳಬೇಕೆಂದಿಲ್ಲ, ಪುಸ್ತಕದ ಮತ್ತು ಲೇಖಕರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಇಲ್ಲವೆಂದರೆ ಖರೀದಿಗೆ ಸಲಹೆ ಕೊಡಿ. ನಾನು ಪಾಠ ಮಾಡುತ್ತಿದ್ದ ಕಡೆ ಇಂಥ ಎರಡು ಪುಸ್ತಕಗಳನ್ನು ಖರೀದಿಪಟ್ಟಿಗೆ ಸೇರಿಸಿದಾಗ, ಮಕ್ಕಳ ಕೈಗೆ ಇದೆಲ್ಲ ಏಕೆ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಮರುವರ್ಷ ಅದೇ ಪುಸ್ತಕಗಳನ್ನು ಸಂವಿಧಾನ ಮತ್ತು ಮಾನವ ಹಕ್ಕುಗಳ ಪರಾಮರ್ಶನ ಎಂಬ ಶೀರ್ಷಿಕೆಯ ಕೆಳಗೆ, ಪ್ರಕಾಶಕರ ಹೆಸರು, ವರ್ಷ, ಬೆಲೆ ಸಹಿತ ಬರೆದುಕೊಟ್ಟಾಗ ಒಂದು ಬಂತು. ಇದರಲ್ಲಿ ಸುಳ್ಳೇನೂ ಇರಲಿಲ್ಲ, ಏಕೆಂದರೆ ಆ ಪುಸ್ತಕ ನಿಜವಾಗಿಯೂ ಆ ವಿಷಯದ್ದೇ. ಗ್ರಂಥಪಾಲಕರು ಹಿಂಜರಿದರೆ ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರನ್ನು ಗೌರವದಿಂದ ನೆನಪಿಸಿ. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗರಿಗೂ ಅವರ ಪುಸ್ತಕ ಸಿಗಬೇಕು ಎಂಬುದೂ ಒಂದು, ಮತ್ತು ಗ್ರಂಥಾಲಯ ವಿಜ್ಞಾನ ಓದಿದ ಎಲ್ಲರೂ ಅದನ್ನು ಪರೀಕ್ಷೆಯಲ್ಲಿ ಬರೆದಿರುತ್ತಾರೆ.

ಕಾಲೇಜಿನಲ್ಲಿ ಓದುತ್ತಿರುವವರಿಗೆ ಇನ್ನೂ ಎರಡು ದಾರಿಗಳಿವೆ. ಅನೇಕ ಪದವಿ ಕಾಲೇಜುಗಳು, ವಿಶ್ವವಿದ್ಯಾಲಯ ಅನುದಾನ ಆಯೋಗದ ಗ್ರಂಥಾಲಯ ಜಾಲ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆಗೆ ಸೇರಿವೆ. ಗ್ರಂಥಪಾಲಕರಿಂದ ಪಾಸ್‌ವರ್ಡ್ ಪಡೆದರೆ ಸಾವಿರಾರು ಇಂಗ್ಲಿಷ್ ಇ-ಪುಸ್ತಕಗಳು ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಅದೇ ಸಂಸ್ಥೆಯ ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಪ್ರಬಂಧವನ್ನು ಪೂರ್ತಿ ಓದಬೇಕಾಗಿಲ್ಲ. ಹಿಂದಿನ ಅಧ್ಯಯನಗಳ ಸಮೀಕ್ಷೆ ಎಂಬ ಅಧ್ಯಾಯವೊಂದನ್ನು ಓದಿದರೆ, ಬೇರೊಬ್ಬರು ಹಲವು ವರ್ಷ ಕುಳಿತು ಮಾಡಿದ ಪುಸ್ತಕಪಟ್ಟಿ ನಿಮ್ಮ ಕೈಗೆ ಬಂದಂತೆ. ಕಾಲೇಜಿನ ಹೊರಗಿರುವವರು ಇಂಟರ್ನೆಟ್ ಆರ್ಕೈವ್‌ನಲ್ಲಿ ಹೆಸರು ಹಾಕಿ ನೋಡಬೇಕು, ಅಚ್ಚಿನಲ್ಲಿಲ್ಲದ ಹಳೆಯ ಪುಸ್ತಕಗಳು ಓದಲು ಎರವಲಿಗೆ ಅಲ್ಲಿ ಸಿಗುವುದುಂಟು. ಬೆಂಗಳೂರಿಗೆ ಹೋಗಿಬರುವ ಅವಕಾಶವಿದ್ದವರು ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಂಥ ಹಳೆ ಪುಸ್ತಕದ ಅಂಗಡಿಗಳಲ್ಲಿ ಮಹಿಳಾ ಅಧ್ಯಯನ ಮತ್ತು ಸಮಾಜಶಾಸ್ತ್ರದ ಸಾಲುಗಳನ್ನು ನೋಡಿಕೊಂಡು ಬರಬಹುದು. ಮುಂದೆ ಸಂಶೋಧನೆಯ ಕಡೆಗೆ ಮನಸ್ಸು ಹೋದರೆ, ಅದೇ ನಗರದ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ಕಮ್ರಾ ಎಂಬ ದಾಖಲಾಗಾರ, ಭಾರತದ ಕ್ವಿಯರ್ ಚಳವಳಿಯ ಕಾಗದಪತ್ರ, ಚಿತ್ರ ಮತ್ತು ಧ್ವನಿಮುದ್ರಣಗಳನ್ನು ಕೂಡಿಡುತ್ತಿದೆ.

ಮನೆಯಲ್ಲಿ ಈ ವಿಷಯವನ್ನು ಹೇಳಿಕೊಳ್ಳಲು ಆಗದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರಿಗೆ ಪುಸ್ತಕವೇ ಅಪಾಯ ತರಬಾರದು. ಅಂಚೆಯಲ್ಲಿ ತರಿಸುವುದಾದರೆ ಬೇರೆಯವರು ಒಡೆಯದ ವಿಳಾಸವನ್ನು ಕೊಡಿ. ಮನೆಮಂದಿಯೆಲ್ಲ ಬಳಸುವ ಮೊಬೈಲಿನಲ್ಲಿ ಹುಡುಕಿದ್ದರೆ, ಹುಡುಕಿದ ಇತಿಹಾಸವನ್ನೂ ಇಳಿಸಿಕೊಂಡ ಕಡತವನ್ನೂ ತೆಗೆದುಹಾಕಿ. ಗ್ರಂಥಾಲಯದಲ್ಲಿ ಪರಿಚಿತರು ಇರುತ್ತಾರೆ ಎಂಬ ಅಳುಕಿದ್ದರೆ, ಮನೆಗೆ ಒಯ್ಯದೆ ವಾಚನಾಲಯದಲ್ಲೇ ದಿನಕ್ಕೆ ಹತ್ತು ಪುಟದಂತೆ ಓದಬಹುದು, ಓದಿದ ಪುಟದ ಸಂಖ್ಯೆಯನ್ನು ಬರೆದುಕೊಂಡರೆ ಮರುದಿನ ಮುಂದುವರಿಸುವುದು ಸುಲಭ. ಪಠ್ಯಪುಸ್ತಕಗಳಿಗೆ ರಟ್ಟು ಹಾಕುವಂತೆ ಇವಕ್ಕೂ ಕಂದು ಕಾಗದದ ಹೊದಿಕೆ ಹಾಕಿದರೆ ಯಾರೂ ವಿಚಿತ್ರವೆಂದು ತಿಳಿಯುವುದಿಲ್ಲ. ಹೀಗೆ ಮುಚ್ಚಿಟ್ಟು ಓದಬೇಕಾಗಿ ಬಂದಿರುವುದು ಓದುವವರ ತಪ್ಪಲ್ಲ.

ಖರೀದಿಗೆ ಸಲಹೆ ಕೊಟ್ಟವರು ಒಮ್ಮೆ ಕೊಟ್ಟು ಸುಮ್ಮನಾಗಬೇಡಿ. ಗ್ರಂಥಾಲಯಗಳ ಖರೀದಿ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನಡೆಯುವುದರಿಂದ, ಕೊಟ್ಟ ಚೀಟಿಯ ನಕಲನ್ನು ದಿನಾಂಕದೊಂದಿಗೆ ನಿಮ್ಮ ಬಳಿ ಇಟ್ಟುಕೊಂಡು, ಆರು ತಿಂಗಳ ಮೇಲೆ ಹೋಗಿ ವಿಚಾರಿಸಿ. ಸಾಧ್ಯವಾದರೆ ಬೇರೆ ಇಬ್ಬರು ಓದುಗರಿಂದಲೂ ಅದೇ ಪುಸ್ತಕಕ್ಕೆ ಚೀಟಿ ಬರೆಸಿ. ಪುಸ್ತಕ ಬಂದ ಮೇಲೆ ಎರವಲು ಪಡೆದು ಓದಿ ಹಿಂದಿರುಗಿಸಿ, ಏಕೆಂದರೆ ದಿನಾಂಕದ ಚೀಟಿಯಲ್ಲಿ ಮುದ್ರೆ ಬೀಳದ ಪುಸ್ತಕಗಳನ್ನು ಕೆಲವು ವರ್ಷಗಳ ನಂತರ ಕಪಾಟಿನಿಂದ ತೆಗೆದುಬಿಡುತ್ತಾರೆ.